ಬಂಡಿ ಎಳೆದ ನಾಯಿ, ಸ್ಕೂಟರ್ ಎಳೆಯುವ ನಾಯಿ

ಯುರೋಪು, ಅಮೆರಿಕಗಳ ಕೆಲವು ಕಾಡುದಾರಿಗಳಲ್ಲಿ ಚಳಿಯ ಮುಂಜಾನೆ ಒಂದು ವಿಚಿತ್ರ ಸವಾರಿ ಕಣ್ಣಿಗೆ ಬೀಳುತ್ತದೆ. ಮುಂದೆ ಒಂದೋ ಎರಡೋ ನಾಯಿಗಳು ಓಡುತ್ತಿರುತ್ತವೆ. ಹಿಂದೆ, ಎಂಜಿನ್ ಇಲ್ಲದ ದಪ್ಪ ಚಕ್ರದ ಸ್ಕೂಟರಿನ ಮೇಲೆ ಅವುಗಳ ಒಡೆಯ ನಿಂತಿರುತ್ತಾನೆ. ಏರು ಬಂದಾಗ ಆತನೂ ಒಂದು ಕಾಲಿನಿಂದ ನೆಲ ಒದ್ದು ನಾಯಿಗೆ ನೆರವಾಗುತ್ತಾನೆ. ಸಾಕುನಾಯಿಗೆ ವ್ಯಾಯಾಮವೆಂದು ಬಳಕೆಗೆ ಬಂದ ಈ ಆಟದ ಹಿಂದೆ ಸಾವಿರಾರು ವರ್ಷಗಳ ದುಡಿಮೆಯ ಕಥೆ ಇದೆ.

ನಾಯಿಯಿಂದ ಎಳೆಸುವ ಪದ್ಧತಿ ಬಲು ಹಳೆಯದು. ಸೈಬೀರಿಯಾದ ಉತ್ತರಕ್ಕಿರುವ ಝೋಖೋವ್ ದ್ವೀಪದಲ್ಲಿ ಜಾರುಬಂಡಿಯ ಅವಶೇಷಗಳೂ ನಾಯಿಯ ಮೂಳೆಗಳೂ ಸಿಕ್ಕಿವೆ. ಅಲ್ಲಿನ ಸುಮಾರು 9,500 ವರ್ಷ ಹಿಂದಿನ ನಾಯಿಯೊಂದಕ್ಕೂ ಇಂದಿನ ಜಾರುಬಂಡಿ ನಾಯಿಗಳಿಗೂ ನಿಕಟ ರಕ್ತಸಂಬಂಧ ಇದೆಯೆಂದು 2020ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು.

ಹಿಮವಿಲ್ಲದ ನಾಡುಗಳಲ್ಲಿ ಜಾರುಬಂಡಿಯ ಜಾಗವನ್ನು ಗಾಲಿಬಂಡಿ ಹಿಡಿಯಿತು. ಕುದುರೆ ಕೊಳ್ಳಲಾರದ ಬಡವನಿಗೆ ನಾಯಿಯೇ ಕುದುರೆ. ಬೆಲ್ಜಿಯಂ, ಹಾಲೆಂಡ್‌ಗಳಲ್ಲಿ ಹಾಲಿನ ಪಾತ್ರೆ ಹೊತ್ತ ನಾಯಿಬಂಡಿ ಇಪ್ಪತ್ತನೇ ಶತಮಾನದಲ್ಲೂ ಬೀದಿಯ ನಿತ್ಯದ ನೋಟವಾಗಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಬೆಲ್ಜಿಯಂ ಸೇನೆಯ ಮೆಷಿನ್‌ಗನ್‌ಗಳನ್ನೂ ನಾಯಿಗಳೇ ಎಳೆದವು.

ಇಂಗ್ಲೆಂಡಿನಲ್ಲಿ ಮಾತ್ರ ಇದಕ್ಕೆ ಬೇಗನೆ ತಡೆ ಬಿತ್ತು. ಲಂಡನ್ನಿನ ಚೇರಿಂಗ್ ಕ್ರಾಸ್‌ನಿಂದ 15 ಮೈಲಿ ಸುತ್ತಳತೆಯೊಳಗೆ ನಾಯಿಬಂಡಿ ಓಡಿಸಬಾರದೆಂದು 1839ರ ಪೊಲೀಸ್ ಕಾಯ್ದೆ ಹೇಳಿತು. 1854ರ ಇನ್ನೊಂದು ಕಾಯ್ದೆ ಈ ನಿಷೇಧವನ್ನು ಲಂಡನ್ನಿನ ಆಚೆಗೂ ವಿಸ್ತರಿಸಿತು. ಇದರ ಹಿಂದೆ ಪ್ರಾಣಿದಯೆ ಇದ್ದಂತೆ ಭಯವೂ ಇತ್ತು. ಅತಿಯಾಗಿ ದುಡಿದ ನಾಯಿಗೆ ಹುಚ್ಚು ಹಿಡಿಯುತ್ತದೆಂದು ಆಗ ಹಲವರು ನಂಬಿದ್ದರು. ಆ ರೋಗ ಸೋಂಕಿನಿಂದ ಬರುತ್ತದೆಯೇ ಹೊರತು ದಣಿವಿನಿಂದಲ್ಲ. ಪ್ಯಾಶ್ಚರ್ ಅದಕ್ಕೆ ಲಸಿಕೆ ಕೊಟ್ಟದ್ದು 1885ರಲ್ಲಿ. ಕಾಯ್ದೆಯಿಂದ ಹೊಡೆತ ಬಿದ್ದದ್ದು ಸಣ್ಣ ವ್ಯಾಪಾರಿಗಳಿಗೆ. ಉಳ್ಳವರ ಕುದುರೆಗಾಡಿಗಳು ಎಂದಿನಂತೆ ಓಡುತ್ತಲೇ ಇದ್ದವು.

ಅಲಾಸ್ಕದಲ್ಲಿ ಇದೇ ಎಳೆತ ಜೀವ ಉಳಿಸಿತು. 1925ರ ಚಳಿಗಾಲದಲ್ಲಿ ನೋಮ್ ಪಟ್ಟಣಕ್ಕೆ ಗಂಟಲುಮಾರಿ (ಡಿಫ್ತೀರಿಯಾ) ಬಡಿದಾಗ, 20 ಸಾರಥಿಗಳು ಸರದಿಯಂತೆ ಸುಮಾರು 150 ನಾಯಿಗಳನ್ನು ಓಡಿಸಿ, 674 ಮೈಲಿ ದೂರವನ್ನು ಐದೂವರೆ ದಿನಗಳಲ್ಲಿ ಕ್ರಮಿಸಿ ಔಷಧ ತಲುಪಿಸಿದರು. 1960ರ ದಶಕದಲ್ಲಿ ಹಿಮದ ಮೋಟಾರುಬಂಡಿ ಬಂದು ನಾಯಿಗಳ ಕೆಲಸ ಕಸಿಯಿತು. ಆ ಪರಂಪರೆ ಅಳಿಯಬಾರದೆಂದು 1973ರಲ್ಲಿ ಇಡಿಟರಾಡ್ ಎಂಬ ದೀರ್ಘ ಓಟದ ಸ್ಪರ್ಧೆ ಶುರುವಾಯಿತು. ಅಲ್ಲಿ ನಾಯಿಗಳು ಸತ್ತಾಗಲೆಲ್ಲ ಆಕ್ಷೇಪವೂ ಎದ್ದಿದೆ.

ಹಿಮ ಬೀಳದ ತಿಂಗಳುಗಳಲ್ಲಿ ಇಂಥ ನಾಯಿಗಳಿಗೆ ಗಾಲಿಬಂಡಿ ಕಟ್ಟಿ ಅಭ್ಯಾಸ ಮಾಡಿಸುತ್ತಾರೆ. ಸ್ಕೂಟರ್ ಅದರದೇ ಚಿಕ್ಕ ರೂಪ. ಮನೆಯೊಳಗೆ ಕೂತು ಬೇಸತ್ತು ಸೋಫಾ ಹರಿಯುವ ಹಸ್ಕಿಯಂಥ ನಾಯಿಗೆ ಅದು ಚೆನ್ನಾಗಿ ಹೊಂದಿತು. ಇದಕ್ಕೆ ಕೊರಳಪಟ್ಟಿ ಸಲ್ಲದು, ಉಸಿರು ಕಟ್ಟುತ್ತದೆ. ಭಾರ ಎದೆ ಮತ್ತು ಬೆನ್ನಿನ ಮೇಲೆ ಹಂಚಿಹೋಗುವ ಪಟ್ಟಿ ಬೇಕು. ಝಗ್ಗನೆ ಎಳೆತ ತಗಲದಂತೆ ಹಗ್ಗದಲ್ಲಿ ರಬ್ಬರಿನ ತುಂಡೊಂದು ಇರುತ್ತದೆ. ಬಲಕ್ಕೆ ‘ಜೀ’, ಎಡಕ್ಕೆ ‘ಹಾ’ ಎಂಬ ಹಳೆಯ ಜಾರುಬಂಡಿಯ ಕೂಗುಗಳೇ ಇಲ್ಲೂ ನಡೆಯುತ್ತವೆ. ಮೂಳೆ ಬಲಿಯದ ಮರಿಯನ್ನು ಕಟ್ಟುವಂತಿಲ್ಲ. ನಾಯಿ ಮೈತುಂಬ ಬೆವರುವ ಪ್ರಾಣಿಯಲ್ಲ, ಏದುಸಿರಿನಿಂದಲೇ ತಂಪಾಗಬೇಕು. ಆದ್ದರಿಂದ ಬಿಸಿಲಿನ ಓಟ ಅದರ ಪ್ರಾಣಕ್ಕೇ ಮುಳುವಾಗಬಹುದು.

ಎಳೆಯುವುದು ನಾಯಿಗೆ ಹಿಂಸೆಯೋ, ಹಿಗ್ಗೋ? 1839ರ ಪ್ರಶ್ನೆ ಇಂದೂ ಹಳತಾಗಿಲ್ಲ. ಹಾಲಿನ ಬಂಡಿಯ ನಾಯಿ ದಣಿದರೂ ಕೊನೆಯ ಮನೆಯವರೆಗೆ ಎಳೆಯಲೇಬೇಕಿತ್ತು. ಸ್ಕೂಟರಿನವನಿಗೆ ತಲುಪಲೇಬೇಕಾದ ಮನೆಯಿಲ್ಲ. ನಾಯಿಯ ನಾಲಿಗೆ ಉದ್ದವಾದೊಡನೆ ಬ್ರೇಕು ಹಿಡಿದು, ಕೆಳಗಿಳಿದು, ನೀರು ಕುಡಿಸುವ ಬಿಡುವು ಅವನಿಗಿದೆ. ಆ ಬಿಡುವನ್ನು ಕೊಟ್ಟರಷ್ಟೇ ಅದು ಆಟ.