ಒಂದು ಒಪ್ಪಂದ, ಎರಡು ಪಠ್ಯ

1840ರ ಫೆಬ್ರವರಿ 4ರ ರಾತ್ರಿ ನ್ಯೂಜಿಲೆಂಡಿನ ಮಿಷನರಿ ಹೆನ್ರಿ ವಿಲಿಯಮ್ಸ್ ತನ್ನ ಮಗ ಎಡ್ವರ್ಡ್‌ನೊಡನೆ ಕುಳಿತು, ಬ್ರಿಟಿಷ್ ಪ್ರತಿನಿಧಿ ವಿಲಿಯಂ ಹಾಬ್ಸನ್ ಕೊಟ್ಟ ಕರಡನ್ನು ಮಾವೊರಿ ಭಾಷೆಗೆ ತಂದನು. 6ರಂದು ವೈಟಾಂಗಿಯಲ್ಲಿ ನಲವತ್ತಕ್ಕೂ ಹೆಚ್ಚು ನಾಯಕರು ಅದಕ್ಕೆ ರುಜು ಹಾಕಿದರು. ಮುಂದಿನ ತಿಂಗಳುಗಳಲ್ಲಿ ಈ ಸಂಖ್ಯೆ ಐನೂರನ್ನು ಮೀರಿತು. ಇವರಲ್ಲಿ ಇಂಗ್ಲಿಷ್ ಪಠ್ಯಕ್ಕೆ ರುಜು ಹಾಕಿದವರು 39 ಮಂದಿ ಮಾತ್ರ.

ಎರಡು ಪಠ್ಯಗಳೂ ಒಂದೇ ಮಾತನ್ನು ಹೇಳುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ನಾಯಕರು ಬ್ರಿಟನ್ನಿನ ರಾಣಿಗೆ ಬಿಟ್ಟುಕೊಟ್ಟದ್ದು ಸಾರ್ವಭೌಮತ್ವ. ಮಾವೊರಿಯಲ್ಲಿ ಆ ಸ್ಥಾನದಲ್ಲಿದ್ದುದು 'ಕಾವನಟಾಂಗ'. 'ಗವರ್ನರ್' ಎಂಬುದರಿಂದ ಮಿಷನರಿಗಳು ಕಟ್ಟಿಕೊಂಡ, ಆಡಳಿತ ಎಂಬರ್ಥದ ಪದ. ನೆಲ, ಹಳ್ಳಿ, ಅಮೂಲ್ಯವಾದುದೆಲ್ಲದರ ಮೇಲೆ ನಾಯಕರಿಗೆ 'ರಂಗಟಿರಟಾಂಗ', ಎಂದರೆ ಒಡೆತನದ ಅಧಿಕಾರ, ಉಳಿಯುವುದೆಂದೂ ಅದೇ ಪಠ್ಯ ಭರವಸೆಯಿತ್ತಿತು. ಅಧಿಕಾರ ತಮ್ಮಲ್ಲೇ ಉಳಿಯಿತೆಂದು ನಾಯಕರು ತಿಳಿದುದರಲ್ಲಿ ಅಚ್ಚರಿಯೇನಿಲ್ಲ.

ಮೊದಲ ಹದಿನೈದು ವರ್ಷಗಳ ವ್ಯಾಪಾರವೂ ಆ ನಂಬಿಕೆಯನ್ನು ಬಲಪಡಿಸಿತು. ತಿಮಿಂಗಿಲ ಬೇಟೆಯ ಹಡಗುಗಳಿಗೆ ಆಲೂಗಡ್ಡೆ, ಹಂದಿಮಾಂಸ ಮಾರಿ ಬಂದೂಕು ಪಡೆದಿದ್ದವರು, ಈಗ ಗೋಧಿ ಬೆಳೆದು, ಹಿಟ್ಟಿನ ಗಿರಣಿ ಕಟ್ಟಿ, ಸ್ವಂತ ಹಡಗುಗಳಲ್ಲಿ ಆಕ್ಲೆಂಡಿಗೆ ಸರಕು ಸಾಗಿಸಿದರು. ವೈಕಾಟೊ ನಾಡಿನ ರಂಗಿಯಾಓಫಿಯಾ ಗೋಧಿಗೂ ಹಣ್ಣಿನ ತೋಟಗಳಿಗೂ ಹೆಸರಾಯಿತು. ಹೊಸ ವಲಸಿಗರ ಹೊಟ್ಟೆ ತುಂಬುತ್ತಿದ್ದುದು ಬಹುಮಟ್ಟಿಗೆ ಮಾವೊರಿ ಬೇಸಾಯದಿಂದಲೇ. ಆಸ್ಟ್ರೇಲಿಯದ ಚಿನ್ನದ ಗಣಿಗಳಿಗೂ ಅವರ ಹಿಟ್ಟು ಹೋಯಿತು. 1856ರ ಸುಮಾರಿಗೆ ಬೆಲೆ ಕುಸಿಯಿತು. ಅಷ್ಟರಲ್ಲಿ ವಲಸಿಗರಿಗೆ ಹಿಟ್ಟಿಗಿಂತ ಹಿಟ್ಟು ಬೆಳೆವ ನೆಲವೇ ಬೇಕಾಗಿತ್ತು.

ನೆಲವನ್ನು ಕೊಳ್ಳುವ ಏಕೈಕ ಹಕ್ಕನ್ನು ಒಪ್ಪಂದವು ಸರ್ಕಾರಕ್ಕೆ ಕೊಟ್ಟಿತ್ತು. ಪ್ರತಿಸ್ಪರ್ಧಿಯಿಲ್ಲದ ಗ್ರಾಹಕ ಹೇಳಿದ್ದೇ ಬೆಲೆ. 1848ರಲ್ಲಿ ದಕ್ಷಿಣ ದ್ವೀಪದ ಒಂದು ಕೋಟಿ ಎಕರೆಗೂ ಮಿಕ್ಕ ನೆಲ 2,000 ಪೌಂಡಿಗೆ ಸರ್ಕಾರದ ಕೈಸೇರಿತು. ಮಾರಿದ ಙಾಯ್ ತಾಹು ಜನರಿಗೆ ಕಾಯ್ದಿರಿಸಿ ಕೊಟ್ಟದ್ದು ಕೇವಲ 6,359 ಎಕರೆ.

ಇದಕ್ಕೆ ಉತ್ತರವಾಗಿ ಕೆಲವು ಬುಡಕಟ್ಟುಗಳು 1858ರಲ್ಲಿ ಪೊಟಾಟಾವು ತೆ ಫೆರೋಫೆರೋನನ್ನು ದೊರೆಯಾಗಿಸಿ, ನೆಲದ ಮಾರಾಟಕ್ಕೆ ತಡೆಯೊಡ್ಡಿದವು. ಟರನಾಕಿಯ ವೈಟಾರಾದಲ್ಲಿ ಟೈರಾ ಎಂಬಾತ ನೆಲ ಮಾರಲು ಮುಂದಾದಾಗ, ಹಿರಿಯ ನಾಯಕ ವಿರೆಮು ಕಿಂಗಿ ಒಪ್ಪಲಿಲ್ಲ. ಸಮುದಾಯದ ನೆಲವನ್ನು ಒಬ್ಬನು ಮಾರಬಹುದೆ ಎಂಬುದು ಅಲ್ಲಿನ ಪ್ರಶ್ನೆ. ಸರ್ಕಾರ ಟೈರಾನ ಮಾತನ್ನೇ ಹಿಡಿಯಿತು. 1860ರ ಮಾರ್ಚಿನಲ್ಲಿ ಯುದ್ಧ ಹೊತ್ತಿತು. 1863ರ ಜುಲೈಯಲ್ಲಿ ಸೇನೆ ವೈಕಾಟೊಗೆ ನುಗ್ಗಿತು. ಮರುವರ್ಷ ರಂಗಿಯಾಓಫಿಯಾದ ಮೇಲೆರಗಿತು. 'ದಂಗೆ'ಗೆ ಶಿಕ್ಷೆಯೆಂದು ವೈಕಾಟೊದಲ್ಲಿ ಸುಮಾರು 12 ಲಕ್ಷ ಎಕರೆ ಮುಟ್ಟುಗೋಲಾಯಿತು. ಸಾರ್ವಭೌಮತ್ವವನ್ನು ಕೊಟ್ಟಿದ್ದರೆ ಮಾತ್ರ ಅದು ದಂಗೆ. ಕೊಟ್ಟಿರದಿದ್ದರೆ ಅದು ಮನೆ ಕಾಯುವ ಕೆಲಸ.

ಎರಡೂ ಪಠ್ಯಗಳನ್ನು ಪರಿಗಣಿಸಬೇಕೆಂಬ ವಿಧಿಯೊಡನೆ 1975ರಲ್ಲಿ ವೈಟಾಂಗಿ ನ್ಯಾಯಮಂಡಳಿ ಸ್ಥಾಪಿತವಾಯಿತು. 1840ರ ಫೆಬ್ರವರಿಯಲ್ಲಿ ರುಜು ಹಾಕಿದ ನಾಯಕರು ಸಾರ್ವಭೌಮತ್ವವನ್ನು ಬಿಟ್ಟುಕೊಟ್ಟಿರಲಿಲ್ಲವೆಂದು 2014ರಲ್ಲಿ ಅದು ಹೇಳಿತು.

ಮನೆಯಲ್ಲೊಂದು, ಕಚೇರಿಯಲ್ಲಿನ್ನೊಂದು ಭಾಷೆಯಲ್ಲಿ ಬದುಕುವ ನಾವು, ಅನುವಾದವನ್ನು ಬರಿಯ ಅನುಕೂಲವೆಂದು ತಿಳಿಯುವುದುಂಟು. ನೆಲವನ್ನು ಕಿತ್ತುಕೊಂಡದ್ದು ಪದವಲ್ಲ, ಆಸೆ ಮತ್ತು ಬಂದೂಕು, ನಿಜ. ಆದರೆ ಆ ಬಂದೂಕಿಗೆ ಕಾನೂನಿನ ಬಲ ಬಂದುದು ಯಾವ ಭಾಷೆಯ ಪಠ್ಯದಿಂದ ಎಂಬುದನ್ನು ನಾವು ಮರೆಯಲಾಗದು.