ಕೆರೆಯ ಆರು ದೋಷಗಳು ಮತ್ತು ಅಪ್ಪಣೆಯ ಚರಿತ್ರೆ

ನೀರಿನ ಬದಿಯಲ್ಲಾಗಲಿ, ನೀರು ಹರಿದುಬರುವ ದಾರಿಯಲ್ಲಾಗಲಿ ಏನನ್ನಾದರೂ ಕಟ್ಟಬೇಕಾದರೆ ಯಾರ ಅಪ್ಪಣೆ ಬೇಕು? ಈ ಪ್ರಶ್ನೆ ಇಂದಿನದೆಂದು ನಾವು ಭಾವಿಸುತ್ತೇವೆ. ಅನುಮತಿಗಳು ಶೀಘ್ರವಾಗಿ ದೊರೆಯಬೇಕು, ಹತ್ತು ಕಚೇರಿಗಳ ಅಲೆದಾಟ ತಪ್ಪಬೇಕು ಎಂಬ ಮಾತು ಪತ್ರಿಕೆಗಳಲ್ಲಿ ದಿನನಿತ್ಯ ಬರುತ್ತಿದೆ. ಇತಿಹಾಸದ ಪಾಠ ಹೇಳಿ ಬದುಕಿದ ನನಗೆ ಈ ಮಾತು ಕೇಳಿದಾಗಲೆಲ್ಲ ಮನಸ್ಸು ಹಿಂದಕ್ಕೆ ಓಡುತ್ತದೆ. ಅಲ್ಲಿ ಕಂಡದ್ದನ್ನು ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲು ಪೋರುಮಾಮಿಳ್ಳದ ಶಾಸನವನ್ನು ನೋಡೋಣ. ಆಂಧ್ರದ ಕಡಪ ಸೀಮೆಯ ಈ ಊರಿನಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯ ವಿಷಯವನ್ನು 1369ರ ಈ ಸಂಸ್ಕೃತ ಶಾಸನ ವಿವರವಾಗಿ ಹೇಳುತ್ತದೆ. ಸಾವಿರ ಜನ ಕೂಲಿಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದ ಲೆಕ್ಕ ಅದರಲ್ಲಿದೆ. ಅದಕ್ಕಿಂತ ಮುಖ್ಯವಾಗಿ, ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಅದು ಎಣಿಸುತ್ತದೆ. ಜಲಶಾಸ್ತ್ರ ಬಲ್ಲ ವಿದ್ವಾಂಸ, ಗಟ್ಟಿಮಣ್ಣಿನ ನೆಲ, ಸಿಹಿನೀರಿನ ಹೊಳೆ, ಕಲ್ಲಿನ ಭದ್ರವಾದ ಏರಿ ಮುಂತಾದವು ಅಂಗಗಳು. ಏರಿಯಲ್ಲಿ ನೀರು ಜಿನುಗುವುದು, ಚೌಳು ಮಣ್ಣು, ಕೆರೆಯ ನಡುವೆ ದಿಣ್ಣೆ, ನೀರು ಕಡಿಮೆಯಿದ್ದು ಭೂಮಿ ಹೆಚ್ಚಾಗುವುದು, ಭೂಮಿ ಕಡಿಮೆಯಿದ್ದು ನೀರು ಹೆಚ್ಚಾಗುವುದು ದೋಷಗಳು. ಉಳಿದ ಇನ್ನೊಂದು ದೋಷವನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿರಬಾರದಂತೆ! ಮಣ್ಣಿನ ದೋಷದೊಡನೆ ಆಡಳಿತದ ದೋಷವನ್ನೂ ಒಂದೇ ಪಟ್ಟಿಯಲ್ಲಿ ಬರೆದ ಆ ಹಿರಿಯರ ಅನುಭವ ದೊಡ್ಡದು. ಇಬ್ಬರು ಒಡೆಯರಿರುವ ನೀರಿಗೆ ಒಡೆಯನೇ ಇರುವುದಿಲ್ಲವೆಂಬುದನ್ನು ಅವರು ಕಂಡಿದ್ದರು.

ನಮ್ಮ ಕನ್ನಡ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆಗಳೂ ಇಲ್ಲಿ ನೆನೆಯತಕ್ಕವು. ಕೆರೆಯನ್ನು ಕಟ್ಟಿಸಿದವನಿಗೂ ಅದನ್ನು ಕಾಪಾಡುವವನಿಗೂ ಭೂಮಿ ಬಿಟ್ಟುಕೊಡುವ ಪದ್ಧತಿ ಅದು. ಹೂಳೆತ್ತುವುದು, ಏರಿ ಬಲಪಡಿಸುವುದು, ತೂಬು ಕಾಯುವುದು ಇವೆಲ್ಲ ಆ ಭೂಮಿಗೆ ಅಂಟಿಕೊಂಡ ಕರ್ತವ್ಯಗಳು. ಅಂದರೆ ಹಕ್ಕು ಮತ್ತು ಹೊಣೆ ಒಂದೇ ಕೈಯಲ್ಲಿದ್ದವು.

ಬ್ರಿಟಿಷರ ಕಾಲದಲ್ಲಿ ಈ ವ್ಯವಹಾರಕ್ಕೆ ಕಾಗದದ ರೂಪ ಬಂದಿತು. 1892ರ ಫೆಬ್ರವರಿ 18ರಂದು ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ ಒಂದು ಒಪ್ಪಂದವಾಯಿತು. ಪಟ್ಟಿಯಲ್ಲಿ ಹೆಸರಿಸಿದ 15 ನದಿಗಳಿಗೆ ಹೊಸ ಜಲಾಶಯ ಕಟ್ಟಬೇಕಾದರೆ ಮೈಸೂರು ಮದರಾಸಿನ ಪೂರ್ವಸಮ್ಮತಿ ಪಡೆಯಬೇಕಾಗಿತ್ತು. ಈ ಷರತ್ತು ಮೈಸೂರಿಗೆ ಭಾರವೆನಿಸಿದ್ದು ಸಹಜ. ಆದರೂ ಆ ಒಪ್ಪಂದದ ರಚನೆಯಲ್ಲಿ ಒಂದು ವಿವೇಕವೂ ಇತ್ತು. ಮದರಾಸು ತನ್ನ ರೈತರ ರೂಢಿಗತ ಹಕ್ಕನ್ನು ರಕ್ಷಿಸುವ ಕಾರಣಕ್ಕಲ್ಲದೆ ಬೇರೆ ಕಾರಣಕ್ಕೆ ಸಮ್ಮತಿ ನಿರಾಕರಿಸುವಂತಿರಲಿಲ್ಲ. ಹೆಚ್ಚು ನೀರು ಹಿಡಿಯದಂತೆ ಹಳೆಯ ಕೆರೆಯನ್ನು ದುರಸ್ತಿ ಮಾಡಿದರೆ ಅದು ಹೊಸ ನಿರ್ಮಾಣವೆನಿಸುತ್ತಿರಲಿಲ್ಲ. ಸಣ್ಣ ಕೆಲಸಕ್ಕೆ ಸರಳ ದಾರಿ, ದೊಡ್ಡ ಕೆಲಸಕ್ಕೆ ಕಟ್ಟುನಿಟ್ಟಿನ ವಿಚಾರಣೆ ಎಂಬ ಭೇದವನ್ನು ಆಗಲೇ ಮಾಡಿದ್ದರು.

ಈ ಒಪ್ಪಂದಕ್ಕೆ ನಿಜವಾದ ಪರೀಕ್ಷೆ ಒದಗಿದ್ದು ಕನ್ನಂಬಾಡಿಯಲ್ಲಿ. ಮುಖ್ಯ ಎಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರ ಯೋಜನೆಗೆ ಮದರಾಸು ಪೂರ್ಣ ಸಮ್ಮತಿ ಕೊಡದೆ ಸಣ್ಣ ಪ್ರಮಾಣದ ಜಲಾಶಯಕ್ಕೆ ಮಾತ್ರ ಒಪ್ಪಿತು. ಮೈಸೂರು 1911ರಲ್ಲಿ ಕೆಲಸ ಆರಂಭಿಸಿತು. ತಳಪಾಯವನ್ನು ಮಾತ್ರ ಮುಂದಿನ ಎತ್ತರಕ್ಕೆ ತಕ್ಕಂತೆ ಹಾಕಿತು. ವಿವಾದ ಮಧ್ಯಸ್ಥಿಕೆಗೆ ಹೋಗಿ 1914ರಲ್ಲಿ ಗ್ರಿಫಿನ್ ತೀರ್ಪು ಹೊರಬಂದಿತು. ಭಾರತ ಸರ್ಕಾರ ಅದನ್ನು 1916ರಲ್ಲಿ ಅಂಗೀಕರಿಸಿದರೂ ಮದರಾಸು ಲಂಡನ್ನಿನವರೆಗೆ ಮೇಲ್ಮನವಿ ಒಯ್ದಿತು. ಕೊನೆಗೆ 1924ರ ಫೆಬ್ರವರಿ 18ರಂದು ಹೊಸ ಒಪ್ಪಂದವಾಗಿ 124 ಅಡಿಯ ಮಟ್ಟ ನಿಶ್ಚಯವಾಯಿತು. ಕೆಲಸ ಆರಂಭವಾದಂದಿನಿಂದ ಹದಿಮೂರು ವರ್ಷ! ಇದನ್ನು ವಿಳಂಬವೆಂದು ಹಳಿಯುವುದು ಸುಲಭ, ಹಳಿಯತಕ್ಕದ್ದೂ ಹೌದು. ಆದರೆ ಆ ಜಗಳದ ಫಲವಾಗಿಯೇ ಕಾವೇರಿಯ ಹರಿವಿನ ಲೆಕ್ಕವೂ ಕೆಳಗಿನವರಿಗೆ ನೀರು ಬಿಡುವ ನಿಯಮಗಳೂ ಬರಹಕ್ಕೆ ಇಳಿದವು. ಅನುಮತಿಯೆಂದರೆ ಬರಿಯ ಸಹಿ ಮತ್ತು ಮೊಹರಲ್ಲ. ಹೊಳೆಯ ಕೆಳಗಿರುವವನ ಮಾತನ್ನು ಮೇಲಿರುವವನು ಕೇಳಿಸಿಕೊಳ್ಳುವ ಏರ್ಪಾಡು ಅದು.

ಈಗ ಬೆಂಗಳೂರಿಗೆ ಬರೋಣ. ಒಂದು ಕೆರೆಯ ಕೋಡಿ ಹರಿದು ಮತ್ತೊಂದು ಕೆರೆ ತುಂಬುವ ಸರಪಣಿ ಈ ಊರಿನದು. ಅಗರದ ನೀರು ಬೆಳ್ಳಂದೂರಿಗೆ, ಬೆಳ್ಳಂದೂರಿನದು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಆ ದಕ್ಷಿಣ ಪಿನಾಕಿನಿಯೂ 1892ರ ಪಟ್ಟಿಯಲ್ಲಿದ್ದ ನದಿಯೇ. ಅಂದು ಆ ನದಿಗೆ ಒಡ್ಡು ಹಾಕಲು ಮದರಾಸನ್ನು ಕೇಳಬೇಕಿತ್ತು. ಆದರೆ ಅದಕ್ಕೆ ನೀರುಣಿಸುವ ಕೆರೆಗಳನ್ನು ಮುಚ್ಚುವಾಗ ಕೇಳುವವರು ಯಾರಿದ್ದರು? ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಕೆರೆಯ ನೆಲ ಕಂದಾಯ ಇಲಾಖೆಯದು, ನೀರು ಸಣ್ಣ ನೀರಾವರಿಯದು, ದಂಡೆಯ ಗಿಡಮರ ಅರಣ್ಯ ಇಲಾಖೆಯದು, ಸುತ್ತಲ ಬಡಾವಣೆ ಅಭಿವೃದ್ಧಿ ಪ್ರಾಧಿಕಾರದ್ದು, ಒಳಬರುವ ಕೊಳಚೆ ಜಲಮಂಡಳಿಯದು ಎಂಬಂತಾಯಿತು. ಪೋರುಮಾಮಿಳ್ಳದ ಶಾಸನಕಾರ ಎರಡು ರಾಜ್ಯಗಳ ಗಡಿಗೇ ಹೆದರಿದ್ದ. ಇಲ್ಲಿ ಐದಾರು ರಾಜ್ಯಗಳು!

ಸರಿಪಡಿಸುವ ಯತ್ನಗಳು ನಡೆಯಲಿಲ್ಲವೆಂದಲ್ಲ. ಲಕ್ಷ್ಮಣರಾವ್ ಸಮಿತಿ 1986ರಲ್ಲಿ ಕೆರೆಗಳ ಸಂರಕ್ಷಣೆಗೆ ವರದಿ ಕೊಟ್ಟಿತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಬಂದಿತು, 2014ರಲ್ಲಿ ಅದಕ್ಕೆ ಕಾಯಿದೆಯ ಬಲ ಸಿಕ್ಕಿತು, 2018ರಲ್ಲಿ ಆ ಸಂಸ್ಥೆಯನ್ನೂ ಮುಚ್ಚಿ ಕೆಲಸವನ್ನು ಮತ್ತೊಂದು ಪ್ರಾಧಿಕಾರಕ್ಕೆ ವಹಿಸಲಾಯಿತು. ಅದೇ 2002ರಲ್ಲಿ ಕೈಗಾರಿಕೆಗಳಿಗಾಗಿ ಏಕಗವಾಕ್ಷಿಯ ಕಾಯಿದೆಯೂ ಬಂದದ್ದು ಗಮನಾರ್ಹ. ಕಟ್ಟುವವನಿಗೆ ಒಂದೇ ಕಿಟಕಿ ತೆರೆಯಿತು. ಕೆರೆಯ ಪರವಾಗಿ ದೂರು ಕೊಡುವವನಿಗೆ ಮಾತ್ರ ಹಳೆಯ ಹತ್ತು ಬಾಗಿಲುಗಳೇ ಉಳಿದವು.

ಕೆರೆಯಿಂದ ಎಷ್ಟು ದೂರ ಬಿಟ್ಟು ಕಟ್ಟಬೇಕೆಂಬ ವಿವಾದವೂ ಹೀಗೆಯೇ ನಡೆಯಿತು. ನಗರದ ಮಹಾಯೋಜನೆ ಕೆರೆಗೆ 30 ಮೀಟರ್ ಮೀಸಲಿರಿಸಿತ್ತು. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಣ ನಿರ್ಮಾಣದ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಅದನ್ನು 75 ಮೀಟರಿಗೆ ಏರಿಸಿತು. ಶಾಸನಬದ್ಧ ಯೋಜನೆಯನ್ನು ಬದಲಿಸುವ ಅಧಿಕಾರ ಮಂಡಳಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಮಾರ್ಚಿಯಲ್ಲಿ ಆ ಆದೇಶವನ್ನು ತೆಗೆದುಹಾಕಿತು. ಕಾನೂನಿನ ದೃಷ್ಟಿಯಿಂದ ಆ ತೀರ್ಪಿಗೆ ಆಧಾರವಿತ್ತು. ಮಳೆನೀರಿಗೆ ಮಾತ್ರ ತೀರ್ಪು ಓದಲು ಬರುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಮುತ್ತ ರಸ್ತೆಗಳೂ ಮನೆಗಳೂ ಮುಳುಗಿ ಜನರು ದೋಣಿ, ಟ್ರಾಕ್ಟರುಗಳಲ್ಲಿ ಹೊರಬಂದುದನ್ನು ನಾಡೆಲ್ಲ ನೋಡಿತು.

ಕೇಂದ್ರದ ನಿಯಮಗಳ ಕಥೆಯೂ ವಿಚಿತ್ರವೇ. 2010ರ ಜೌಗುಪ್ರದೇಶ ನಿಯಮಗಳನ್ನು ಬದಲಿಸಿ 2017ರಲ್ಲಿ ಹೊಸವು ಬಂದವು. ಅಧಿಕಾರ ರಾಜ್ಯಗಳಿಗೆ ಇಳಿಯಿತು, ವ್ಯವಸ್ಥೆ ಸರಳವಾಯಿತು. ಆದರೆ ಕುಡಿಯುವ ನೀರಿಗಾಗಿ, ನೀರಾವರಿಗಾಗಿ ಮನುಷ್ಯರು ಕಟ್ಟಿದ ಜಲಾಶ್ರಯಗಳನ್ನು ಜೌಗುಪ್ರದೇಶದ ವ್ಯಾಖ್ಯೆಯಿಂದ ಹೊರಗಿಟ್ಟರು. ಬಯಲುಸೀಮೆಯ ನಮ್ಮ ಕೆರೆಗಳೆಲ್ಲ ಮನುಷ್ಯರೇ ಕಟ್ಟಿದವಲ್ಲವೇ? 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿದುದಾಗಿ ಪ್ರಕಟವಾದ ಗದಗ ಜಿಲ್ಲೆಯ ಮಾಗಡಿ ಕೆರೆಯೂ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ನೀರಾವರಿಗೆಂದೇ ನಮ್ಮ ಹಿರಿಯರು ಕಟ್ಟಿದ ಕೆರೆಗಳು. ದೂರದೇಶದ ಹಕ್ಕಿಗಳು ಬಂದು ಸಾಕ್ಷಿ ಹೇಳಿದ್ದರಿಂದ ಅವೆರಡಕ್ಕೆ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಹಾಗೆ ಸಾಕ್ಷಿಯಿಲ್ಲದ ಅವುಗಳ ಅಕ್ಕತಂಗಿಯರ ಗತಿಯೇನು?

ಅನುಮತಿಯ ವ್ಯವಸ್ಥೆ ಸರಳವಾಗಬಾರದೆಂದು ನಾನು ಹೇಳುತ್ತಿಲ್ಲ. ಒಂದು ತೂಬು ರಿಪೇರಿಗೆ ಊರಿನವರು ವರ್ಷಗಟ್ಟಲೆ ಕಚೇರಿ ಸುತ್ತುವುದು ಯಾರಿಗೂ ಒಳ್ಳೆಯದಲ್ಲ. ಆದರೆ ಸರಳಗೊಳಿಸುವುದಕ್ಕೆ ಎರಡು ಅರ್ಥಗಳಿವೆ. ಚದುರಿದ ಹೊಣೆಯನ್ನು ಒಂದು ಕೈಗೆ ತರುವುದು ಒಂದು. ಹೊಣೆ ಚದುರಿದಂತೆಯೇ ಇರಲು ಬಿಟ್ಟು ಸಹಿಯನ್ನು ಮಾತ್ರ ಬೇಗ ಹಾಕುವುದು ಇನ್ನೊಂದು. ಮೊದಲನೆಯದು ಕಟ್ಟುಕೊಡಗೆಯ ದಾರಿ. ಎರಡನೆಯದು ಕೋಡಿಯನ್ನು ಮುಚ್ಚಿ ಏರಿಯನ್ನು ಎತ್ತರಿಸಿದಂತೆ. ಮಳೆಗಾಲದವರೆಗೆ ಅದು ಚೆಂದವಾಗಿಯೇ ಕಾಣುತ್ತದೆ. ನಿಮ್ಮ ಊರಿನ ಕೆರೆಯ ನೀರು ಎಲ್ಲಿಂದ ಬರುತ್ತದೆ, ಕೋಡಿ ಎತ್ತ ಹರಿಯುತ್ತದೆ, ಈಗ ಅದರ ಹೊಣೆ ಯಾರದು ಎಂಬುದನ್ನು ಒಮ್ಮೆ ವಿಚಾರಿಸಿ ನೋಡಿರಿ. ಮೂರನೆಯ ಪ್ರಶ್ನೆಗೆ ಒಂದೇ ಉತ್ತರ ಸಿಕ್ಕಿದರೆ ನಿಮ್ಮ ಕೆರೆ ಪುಣ್ಯವಂತ ಕೆರೆ.