ತೆಂಕಣ ಕರಾವಳಿಯ ಒಂದು ಹೃದ್ರೋಗದ ಕಥೆ

1983ರಲ್ಲಿ ನನಗೆ ಕೊಲ್ಲಂ ಜಿಲ್ಲೆಯ ಕರುನಾಗಪ್ಪಳ್ಳಿಗೆ ವರ್ಗವಾಯಿತು. ಕಾಸರಗೋಡಿನ ಕನ್ನಡದ ಹುಡುಗನಿಗೆ ಸರಕಾರಿ ಕೆಲಸ ಸಿಕ್ಕಿತೆಂದರೆ ತೆಂಕಣದ ನೀರು ಕುಡಿಯದೆ ವಿಧಿಯಿಲ್ಲದ ಕಾಲ ಅದು. ಕಚೇರಿಯ ಮಲಯಾಳ ಓದಲು ಬರುತ್ತಿತ್ತು. ಆಡುವಾಗ ಮಾತ್ರ ಜನ ನಗುತ್ತಿದ್ದರು.

ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆಯವರು ತೆಂಗಿನ ನಾರಿನ ಹಗ್ಗ ಹೊಸೆದು ಬದುಕುವವರು. ಅವರ ಮಗಳಿಗೆ ಹದಿನಾಲ್ಕು ವರ್ಷವೆಂದಾಗ ನಾನು ನಂಬಲಿಲ್ಲ. ಒಂಬತ್ತರ ಹುಡುಗಿಯಂತೆ ಕಾಣುತ್ತಿದ್ದಳು. ಸಪೂರ ಕೈಕಾಲು, ಊದಿದ ಮುಖ, ಬಿಗಿದ ಮದ್ದಳೆಯಂತಹ ಹೊಟ್ಟೆ. ಪಿತ್ತಕೋಶದ ಕಾಯಿಲೆ ಎಂದು ಪೇಟೆಯ ಒಂದು ಆಸ್ಪತ್ರೆಯಲ್ಲಿ ಎರಡು ವರ್ಷ ಮದ್ದು ಕೊಟ್ಟಿದ್ದರು. ನಡುವೆ ಕ್ಷಯವೆಂದು ಒಂದಷ್ಟು ತಿಂಗಳ ಚುಚ್ಚುಮದ್ದೂ ಆಗಿತ್ತು. ತಂದೆ ಒಂದು ದಿನ ಬಂದು, "ಸಾರೇ, ತಿರುವನಂತಪುರಕ್ಕೆ ಹೋಗಬೇಕಂತೆ. ಕಾಗದಪತ್ರ ನೋಡಲು ನೀವೊಬ್ಬರು ಜತೆಗೆ ಬರಬೇಕು" ಎಂದರು. ಬೆಳಗಿನ ಬಸ್ಸಿನಲ್ಲಿ ಹೊರಟೆವು.

ಅಲ್ಲಿನ ವೈದ್ಯರು ಮೊದಲು ಹೊಟ್ಟೆಯನ್ನು ಮುಟ್ಟಲೇ ಇಲ್ಲ. ಹುಡುಗಿಯನ್ನು ಒರಗಿ ಕೂರಿಸಿ, ಕಿಟಕಿಯ ಬೆಳಕಿಗೆ ಅವಳ ಕುತ್ತಿಗೆಯನ್ನು ತಿರುಗಿಸಿ ನೋಡುತ್ತಾ ನಿಂತರು. ಕಿವಿಯ ಬುಡದವರೆಗೂ ರಕ್ತನಾಳ ಹಗ್ಗದಂತೆ ಉಬ್ಬಿತ್ತು. ಆಮೇಲೆ ಕಾಲು ಒತ್ತಿ ನೋಡಿದರು. ಹೊಟ್ಟೆಯಲ್ಲಿ ಅಷ್ಟು ನೀರಿದ್ದರೂ ಕಾಲಿನಲ್ಲಿ ಊತ ಅಲ್ಪ. "ಇದು ಹೊಟ್ಟೆಯ ರೋಗವಲ್ಲ, ಹೃದಯದ್ದು" ಎಂದರು. ರೋಗದ ಹೆಸರನ್ನು ನಾನು ಚೀಟಿಯಲ್ಲಿ ಬರೆದುಕೊಂಡೆ: ಎಂಡೋಮಯೋಕಾರ್ಡಿಯಲ್ ಫೈಬ್ರೋಸಿಸ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಹೃದಯದ ಒಳಪದರ ನಾರುಗಟ್ಟುವ ರೋಗ. ನಾರು ಹೊಸೆದು ಜೀವಿಸುವವರ ಮಗಳಿಗೆ!

ಆ ಚೀಟಿಯ ಹೆಸರಿನ ಬೆನ್ನು ಹಿಡಿದು ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮಧ್ಯಪ್ರಾಚ್ಯದಲ್ಲಿದ್ದ ಆಫ್ರಿಕದ ಸೈನಿಕರಲ್ಲಿ ಕಾರಣ ತಿಳಿಯದ ಹೃದಯ ವೈಫಲ್ಯ ಕಂಡುಬಂದಿತ್ತು. ಬೆಡ್‌ಫೋರ್ಡ್ ಮತ್ತು ಕಾನ್‌ಸ್ಟಾಮ್ ಎಂಬ ವೈದ್ಯರು 1946ರಲ್ಲಿ ಅದನ್ನು ವರದಿ ಮಾಡಿದರು. 1948ರಲ್ಲಿ ಉಗಾಂಡದ ಕಂಪಾಲದಲ್ಲಿ ಡೇವಿಸ್ ಎಂಬ ರೋಗಶಾಸ್ತ್ರಜ್ಞ ಸತ್ತವರ ಹೃದಯಗಳನ್ನು ಕೊಯ್ದು ನೋಡಿ ಇದೊಂದು ಬೇರೆಯೇ ರೋಗವೆಂದು ಗುರುತಿಸಿದ. ಅಲ್ಲಿಯೂ ರೋಗಿಗಳಲ್ಲಿ ಬಹಳ ಮಂದಿ ರುವಾಂಡ, ಬುರುಂಡಿಗಳಿಂದ ಕೂಲಿಗೆ ಬಂದ ಬಡವರು. 1960ರ ಹೊತ್ತಿಗೆ ಕೇರಳದಲ್ಲಿಯೂ ಇದೇ ರೋಗವಿದೆ ಎಂಬುದು ಖಚಿತವಾಯಿತು. ಜಗತ್ತಿನ ಉಳಿದ ಕಡೆ ಪಠ್ಯಪುಸ್ತಕದ ಎರಡು ಸಾಲಾಗಿದ್ದ ರೋಗ ನಮ್ಮ ರಾಜ್ಯದ ತೆಂಕಣ ಕರಾವಳಿಯಲ್ಲಿ ವಾರ್ಡಿನ ಹಾಸಿಗೆಗಳಲ್ಲಿ ಮಲಗಿತ್ತು.

ಹೃದಯದ ರೋಗಕ್ಕೆ ಹೊಟ್ಟೆ ಏಕೆ ಉಬ್ಬಬೇಕು? ಹೃದಯದ ಕೆಳಗಿನ ಕೋಣೆ ಹಿಗ್ಗಿ ರಕ್ತ ತುಂಬಿಕೊಳ್ಳಬೇಕು, ಕುಗ್ಗಿ ಹೊರದೂಡಬೇಕು. ಈ ರೋಗದಲ್ಲಿ ಆ ಕೋಣೆಯ ಒಳಗೋಡೆಗೆ ಬಿಳಿಯ ಗಟ್ಟಿ ನಾರಿನ ಪದರ ಕಟ್ಟುತ್ತದೆ. ತುದಿ ಮುಚ್ಚಿ ಕೋಣೆ ಕಿರಿದಾಗುತ್ತದೆ, ಕವಾಟವನ್ನು ಹಿಡಿದಿರುವ ಎಳೆಗಳು ಅಂಟಿಕೊಂಡು ಕವಾಟ ಸೋರುತ್ತದೆ. ಬಲಗಡೆ ಹೀಗಾದರೆ ರಕ್ತ ಹಿಂದಕ್ಕೆ ಒತ್ತಿ ಮೇಲಿನ ಕೋಣೆ ಬುಗ್ಗೆಯಂತೆ ಉಬ್ಬುತ್ತದೆ, ಪಿತ್ತಕೋಶ ಊದುತ್ತದೆ, ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ. ಎಡಗಡೆಯಾದರೆ ಉಬ್ಬಸ ಮೊದಲು. (ಮಲಯಾಳದಲ್ಲಿ ಅದು 'ಶ್ವಾಸಂ ಮುಟ್ಟಲ್'. ಉಸಿರು ಮುಟ್ಟುವುದೆಂದರೇನು ಎಂದು ನಾನು ಅಂದು ಒದ್ದಾಡಿದ್ದು ಬೇರೆ ಕಥೆ.) ಹೊಟ್ಟೆಯನ್ನಷ್ಟೇ ನೋಡಿದ ವೈದ್ಯನಿಗೆ ಪಿತ್ತಕೋಶ ಕಂಡರೆ ಅದರಲ್ಲಿ ಅವನ ತಪ್ಪು ಅರ್ಧ ಮಾತ್ರ. ಎಕೋ ಯಂತ್ರ ಬಂದ ಮೇಲೆ ಮುಚ್ಚಿದ ತುದಿಯೂ ಉಬ್ಬಿದ ಮೇಲ್ಕೋಣೆಯೂ ಪರದೆಯ ಮೇಲೆ ನೇರವಾಗಿ ಕಾಣತೊಡಗಿದವು. ಆದರೆ ಎಕೋಗೆ ಕಳುಹಿಸಬೇಕೆಂದು ತೋಚುವುದಕ್ಕೆ ಮೊದಲು ಯಾರಾದರೂ ಕುತ್ತಿಗೆಯನ್ನು ನೋಡಬೇಕಲ್ಲ.

ಮದ್ದಿನಿಂದ ನೀರು ಇಳಿಸಬಹುದು, ಸೂಜಿಯಿಂದ ತೆಗೆಯಬಹುದು, ನಾರು ಕರಗದು. ಪ್ಯಾರಿಸಿನ ಶಸ್ತ್ರವೈದ್ಯ ಚಾರ್ಲ್ಸ್ ದ್ಯುಬೋ 1971ರಲ್ಲಿ ಹೃದಯವನ್ನು ತೆರೆದು ಆ ಪದರವನ್ನೇ ಸುಲಿದು ತೆಗೆದ, ಬೊಂಡದ ಒಳಗಿನ ಎಳೆ ತಿರುಳನ್ನು ಎಬ್ಬಿಸಿದ ಹಾಗೆ. ಕೆಟ್ಟ ಕವಾಟದ ಜಾಗಕ್ಕೆ ಕೃತಕ ಕವಾಟ. ತಿರುವನಂತಪುರದ ಶ್ರೀ ಚಿತ್ತಿರ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಮತ್ತು ಸಂಗಡಿಗರು ಈ ಶಸ್ತ್ರಚಿಕಿತ್ಸೆಯನ್ನು ಕೈಗೆತ್ತಿಕೊಂಡರು. ಸುಲಿಯುವಾಗ ಹೃದಯದ ಮಿಡಿತವನ್ನು ಸಾಗಿಸುವ ಎಳೆಗೆ ಪೆಟ್ಟಾದರೆ ಮಿಡಿತದ ಲಯವೇ ತಪ್ಪುತ್ತದೆ. ಬಂದವರೆಲ್ಲ ರೋಗ ಬಲಿತ ಮೇಲೆ ಬಂದವರು, ಅಪಾಯ ಬಹಳವಿತ್ತು. ನಮ್ಮ ಹುಡುಗಿಯ ತಂದೆಗೆ ವೈದ್ಯರು ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಅವರು ನನ್ನ ಮುಖ ನೋಡಿದರು. ಇಪ್ಪತ್ತಾರರ ಗುಮಾಸ್ತ ನಾನು ಏನು ಹೇಳಲಿ? ಮನೆಗೆ ಕರೆದುಕೊಂಡು ಹೋದರು. ನೀರಿಳಿಸುವ ಮಾತ್ರೆಯಲ್ಲಿ ಅವಳು ಇನ್ನೆರಡು ಮಳೆಗಾಲ ಕಳೆದಳು.

ವಲಿಯತ್ತಾನರು ಕತ್ತಿ ಹಿಡಿದಷ್ಟಕ್ಕೇ ನಿಲ್ಲದೆ ಕಾರಣವನ್ನು ಹುಡುಕಲು ಹೊರಟರು. ಇಲ್ಲಿ ಆ ಕರಾವಳಿಯ ಕಪ್ಪು ಮರಳಿನ ಮಾತು ಬರುತ್ತದೆ. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಜ್ಞ ತಿರುವಿದಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಜೈಟ್ ಅದಿರನ್ನು ಗುರುತಿಸಿದ್ದ. ನೀಂಡಕರ, ಚವರ ಕಡಲ ತಡಿಯಲ್ಲಿ ಅದು ಹೇರಳ. ಅದರಲ್ಲಿ ಥೋರಿಯಂ ಇದೆ, ಸೀರಿಯಂ ಎಂಬ ಧಾತುವೂ ಇದೆ. ಬಡವರ ಊಟ ಮರಗೆಣಸು. ಅವರ ಬಾಯಲ್ಲಿ 'ಕಪ್ಪ'. 1880ರಿಂದ 1885ರವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಬರಗಾಲಕ್ಕಾಗಲಿ ಎಂದು ಬೆಳೆಸಲು ಹಚ್ಚಿದ ಗೆಡ್ಡೆ ಅದು. ಮಣ್ಣಿನ ಸೀರಿಯಂ ಗೆಣಸಿನ ಮೂಲಕ ದೇಹ ಸೇರುತ್ತದೆ, ಪೋಷಣೆಯಿಲ್ಲದ ದೇಹದಲ್ಲಿ ಮೆಗ್ನೀಸಿಯಂ ಕಡಿಮೆಯಿದ್ದರೆ ಅದು ಹೃದಯದಲ್ಲಿ ನಾರು ಬೆಳೆಸುತ್ತದೆ ಎಂಬುದು ವಲಿಯತ್ತಾನ್, ಸಿ. ಸಿ. ಕರ್ತಾ ಮುಂತಾದವರ ಊಹೆ. ರೋಗಿಗಳ ಹೃದಯದ ತುಣುಕುಗಳಲ್ಲಿ ಧಾತುಗಳನ್ನು ಅಳೆದರು, ಇಲಿಗಳ ಮೇಲೆ ಪ್ರಯೋಗ ನಡೆಸಿದರು. ಹೊಟ್ಟೆಹುಳದಿಂದ ರಕ್ತದಲ್ಲಿ ಹೆಚ್ಚುವ ಇಯೋಸಿನೋಫಿಲ್ ಕಣಗಳೇ ಹೃದಯವನ್ನು ಕೆಡಿಸುತ್ತವೆ ಎಂಬ ಇನ್ನೊಂದು ವಾದವೂ ಇತ್ತು, ಇದೆ.

ವಾದ ತೀರುವ ಮೊದಲೇ ರೋಗ ಇಳಿಯತೊಡಗಿತು. ಕೇರಳದಲ್ಲಿ ಹೊಸ ರೋಗಿಗಳು, ಅದರಲ್ಲೂ ಮಕ್ಕಳು, ವರ್ಷ ವರ್ಷಕ್ಕೆ ಕಡಿಮೆಯಾದರು. 2009ರ ಹೊತ್ತಿಗೆ ತಿರುವನಂತಪುರದ ತಜ್ಞರೇ ಇದನ್ನು ಮರೆಯಾಗುತ್ತಿರುವ ಒಗಟು ಎಂದು ಬರೆದರು. ಮರಳು ಅಲ್ಲೇ ಇದೆ, ಕಪ್ಪವನ್ನು ಈಗಲೂ ಮೀನು ಸಾರಿನೊಡನೆ ಪ್ರೀತಿಯಿಂದ ಉಣ್ಣುತ್ತಾರೆ. ಆದ್ದರಿಂದ ಸೀರಿಯಂ ಒಂದೇ ಅಪರಾಧಿಯಾಗಿರಲಾರದು ಎಂದು ನನಗನಿಸುತ್ತದೆ. ಪಡಿತರದ ಅಕ್ಕಿ, ಶಾಲೆಯ ಊಟ, ಹುಳದ ಮದ್ದು, ಶುದ್ಧ ನೀರು ಎಲ್ಲವೂ ಒಂದೇ ತಲೆಮಾರಿನಲ್ಲಿ ಬಂದವು. ಯಾವುದು ರೋಗವನ್ನು ಓಡಿಸಿತೋ ಬಿಡಿಸಿ ಹೇಳಲು ದಾರಿಯಿಲ್ಲ. ಇದು ಸಂತೋಷದ ಸಂಗತಿಯೇ. ಆದರೆ ಮೊಜಾಂಬಿಕಿಗೆ ಇದರಿಂದೇನು ಉಪಕಾರವಾಯಿತು? ಅಲ್ಲಿನ ವೈದ್ಯೆ ಅನಾ ಓಲ್ಗ ಮೊಕುಂಬಿ ಮತ್ತು ಸಂಗಡಿಗರು ಇನ್ಯಾರಿಮೆ ಎಂಬ ಗ್ರಾಮಪ್ರದೇಶದಲ್ಲಿ ಮನೆಮನೆಯವರನ್ನು ಎಕೋ ಮಾಡಿ 2008ರಲ್ಲಿ ಪ್ರಕಟಿಸಿದ ಲೆಕ್ಕ: 1,063 ಜನರಲ್ಲಿ 211 ಮಂದಿಗೆ ರೋಗ, ಹೆಚ್ಚಿನವರಿಗೆ ಅದರ ಅರಿವೇ ಇಲ್ಲ. ನಾವು ಇಲ್ಲಿ ಕಾರಣವನ್ನು ಹಿಡಿದಿದ್ದರೆ ಅಲ್ಲಿಗೆ ಒಂದು ಉತ್ತರ ಕಳುಹಿಸಬಹುದಿತ್ತು.

ವಲಿಯತ್ತಾನರ ಸಂಸ್ಥೆಯಲ್ಲಿ ತಯಾರಾದ ಚಿತ್ರಾ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅಳವಡಿಸಿದರು. ಕಡಿಮೆ ಬೆಲೆಯ ಆ ಕವಾಟದಿಂದ ಬದುಕಿದವರು ನಮ್ಮ ಗಡಿನಾಡಿನಲ್ಲೂ ಇದ್ದಾರೆ. ಅವರು 1993ರಲ್ಲಿ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ನಮ್ಮ ಕಡೆಗೆ ಬಂದರು, ಚರಕ ಸುಶ್ರುತರ ಬಗ್ಗೆ ಬರೆದರು, 2024ರ ಜುಲೈಯಲ್ಲಿ ಮಣಿಪಾಲದಲ್ಲೇ ತೀರಿಕೊಂಡರು.

ನಿವೃತ್ತನಾಗುವ ವರ್ಷ ಒಮ್ಮೆ ಕರುನಾಗಪ್ಪಳ್ಳಿಗೆ ಹೋಗಿದ್ದೆ. ಹುಡುಗಿಯ ತಮ್ಮ ಅದೇ ಹಿತ್ತಿಲಲ್ಲಿ ಹೊಸ ಮನೆ ಕಟ್ಟಿದ್ದ. ಅವನ ಇಬ್ಬರು ಮಕ್ಕಳು ಅಂಗಳದಲ್ಲಿ ಸೈಕಲ್ ಓಡಿಸುತ್ತಿದ್ದರು. "ಒಂದೇ ಬಾವಿಯ ನೀರು, ಒಂದೇ ಪಾತ್ರೆಯ ಕಪ್ಪ. ಚೇಚಿಗೆ ಮಾತ್ರ ಯಾಕೆ ಬಂತು ಸಾರೇ?" ಎಂದು ಕೇಳಿದ. ನಾನು ಮರಳಿನ ವಿಚಾರ, ಹುಳದ ವಿಚಾರ ಎಲ್ಲವನ್ನೂ ನನ್ನ ಕಾಸರಗೋಡಿನ ಮಲಯಾಳದಲ್ಲಿ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, ಚಾ ತರಲು ಒಳಗೆ ಹೋದ.